ಉತ್ಸವದ ಫಲಕ, ಬಚ್ಚಲೊಲೆಯ ಹೊಗೆ

ಕೋಟೇಶ್ವರದ ಕೊಡಿ ಹಬ್ಬ, ಕೊಲ್ಲೂರಿನ ರಥೋತ್ಸವ, ಮಂದಾರ್ತಿಯ ಜಾತ್ರೆಗಳು ಸಮೀಪಿಸಿದಂತೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ರಸ್ತೆಗಳು ಕೂಡುವಲ್ಲೆಲ್ಲ ಸ್ವಾಗತ ಫಲಕಗಳು ಏಳುತ್ತವೆ. ಉತ್ಸವವು ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆ ಬಳಿಕ ಫ್ಲೆಕ್ಸ್ ಎಲ್ಲಿಗೆ ಹೋಗುತ್ತದೆಂದು ನಾವು ಯೋಚಿಸುವುದಿಲ್ಲ.

ಅದು ಅನೇಕ ವೇಳೆ ಮನೆಗೇ ಬರುತ್ತದೆ. ಮಳೆಗಾಲದಲ್ಲಿ ಕಟ್ಟಿಗೆಯ ರಾಶಿಗೂ ಕೊಟ್ಟಿಗೆಯ ಮಾಡಿಗೂ ಹೊದಿಕೆಯಾಗುತ್ತದೆ. ಅದರ ಮಡಿಕೆಗಳಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆಯು ಸುಮಾರು 7ರಿಂದ 10 ದಿನಗಳಲ್ಲಿ ಮೊಟ್ಟೆಯಿಂದ ಬೆಳೆದು ಹಾರುತ್ತದೆ. ಕೊನೆಗೆ ಹರಿದು ಚಿಂದಿಯಾದ ಫ್ಲೆಕ್ಸ್ ಬಚ್ಚಲೊಲೆಗೆ ಬೀಳುತ್ತದೆ. ಹೆಚ್ಚಿನ ಅಪಾಯವಿರುವುದು ಅಲ್ಲಿಯೇ.

ಫ್ಲೆಕ್ಸ್ ಎಂಬುದು ಪಾಲಿಯೆಸ್ಟರ್ ನೂಲಿನ ಜಾಲರಿಗೆ ಪಿವಿಸಿ ಲೇಪಿಸಿದ ಹಾಳೆ. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಕ್ಲೋರಿನ್. ಅದು ಉರಿದಾಗ ಹೊಮ್ಮುವ ಹೈಡ್ರೋಜನ್ ಕ್ಲೋರೈಡ್ ಅನಿಲವು ಕಣ್ಣು, ಗಂಟಲು, ಶ್ವಾಸನಾಳಗಳನ್ನು ಕೆರಳಿಸುತ್ತದೆ. ಉಬ್ಬಸವುಳ್ಳವರಿಗೂ ಮಕ್ಕಳಿಗೂ ಬಾಧೆ ಅಧಿಕ. ಒಲೆಯ ಮಂದ ಉರಿಯಲ್ಲಿ ಡಯಾಕ್ಸಿನ್ ಎಂಬ ವಿಷವಸ್ತುಗಳೂ ಹುಟ್ಟುತ್ತವೆ. ಇವುಗಳಲ್ಲಿ ಅತ್ಯಂತ ಉಗ್ರವಾದುದನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಕ್ಯಾನ್ಸರ್‌ಕಾರಕವೆಂದು ಸಾರಿದೆ. ಹೊಗೆಯೊಡನೆ ಹೋಗಿ ಹುಲ್ಲಿನ ಮೇಲೆ ಕುಳಿತ ಡಯಾಕ್ಸಿನ್ ಹಸುವಿನ ಹಾಲಿನ ಕೊಬ್ಬಿನಲ್ಲಿ ಸೇರಿ ಮರಳಿ ನಮ್ಮ ದೇಹಕ್ಕೇ ಬರುತ್ತದೆ. ಆ ಒಲೆಯ ಬೂದಿಯೂ ತೋಟಕ್ಕೆ ಯೋಗ್ಯವಲ್ಲ.

ರಾಜ್ಯ ಸರ್ಕಾರವು 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್‌ಗಳನ್ನು ನಿಷೇಧಿಸಿದೆ. 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಆದರೆ ಕಾನೂನು ಕಾಣದ ಬಚ್ಚಲೊಲೆಯನ್ನು ನಾವೇ ಕಾಯಬೇಕು.

ಸಮಿತಿಯ ಸಭೆಯಲ್ಲಿಯೇ ಈ ಕೆಲವು ವಿಷಯಗಳನ್ನು ನಿಶ್ಚಯಿಸಬಹುದು. ಫಲಕಗಳ ಸಂಖ್ಯೆಯನ್ನು ತಗ್ಗಿಸಿ, ಹತ್ತಿಬಟ್ಟೆಯ ಮೇಲೆ ಕಲಾವಿದರಿಂದ ಬರೆಯಿಸುವುದು. ಇಸವಿ, ದಿನಾಂಕಗಳನ್ನು ಬೇರೆ ಪಟ್ಟಿಯಲ್ಲಿ ಬರೆದು ಹೊಲಿದರೆ ಅದೇ ಬಟ್ಟೆ ಮರುವರ್ಷವೂ ಬರುತ್ತದೆ. ‘ಬಟ್ಟೆ ಬ್ಯಾನರ್’ ಎಂದು ಮಾರುವುದರಲ್ಲಿ ಪಾಲಿಯೆಸ್ಟರ್ ಕೂಡ ಇರುವುದರಿಂದ ವಿಚಾರಿಸಿಯೇ ಕೊಳ್ಳಬೇಕು. ದಾರಿ ತೋರುವ ಬಾಣಗಳಿಗೆ ಅಡಕೆ ಹಾಳೆ, ಚೌಕಟ್ಟಿಗೆ ಅಡಕೆಯ ದಬ್ಬೆ, ಕಟ್ಟಲು ತೆಂಗಿನ ನಾರಿನ ಹಗ್ಗ ನಮ್ಮಲ್ಲಿಯೇ ದೊರೆಯುತ್ತವೆ. ಮಳೆಗಾಲದ ಸೂಚನೆಗಳನ್ನು ಬಸ್ ತಂಗುದಾಣದ ಮಾಡಿನಡಿ ಕರಿಹಲಗೆಯಲ್ಲಿ ಬರೆದರೆ ಸಾಕು. ಕಟ್ಟಿದವರೇ ಬಿಚ್ಚುವ ದಿನವನ್ನೂ ಮೊದಲೇ ಗೊತ್ತುಪಡಿಸಬೇಕು. ಈಗಾಗಲೇ ಮನೆಯಲ್ಲಿರುವ ಫ್ಲೆಕ್ಸನ್ನು ಸುಡದೆ ಗ್ರಾಮ ಪಂಚಾಯತಿಯ ಒಣತ್ಯಾಜ್ಯ ಸಂಗ್ರಹಕ್ಕೆ ಒಪ್ಪಿಸಬೇಕು.

ಶರಣರು ದೇಹವನ್ನು ಪ್ರಸಾದಕಾಯವೆಂದು ಭಾವಿಸಿದರು. ಮುಂಜಾನೆ ಎದ್ದು ಮನೆಮಂದಿಗೆಲ್ಲ ನೀರು ಕಾಯಿಸುವ ತಾಯಿಯ ಉಸಿರಿಗೆ ಉತ್ಸವದ ಫಲಕವು ವಿಷವಾಗದಂತೆ ನೋಡಿಕೊಳ್ಳುವುದೂ ಭಕ್ತರಾದ ನಮ್ಮ ದಾಸೋಹವೇ ಆಗಿದೆ.