ಹಾಲುಹಲ್ಲಿನ ಹುಳುಕು: ತಾಯಿಯೊಬ್ಬಳದೇ ತಪ್ಪೆ?

"ಹೇಗಿದ್ದರೂ ಬೀಳುವ ಹಲ್ಲು" ಎಂದು ಹಾಲುಹಲ್ಲನ್ನು ಅಲಕ್ಷಿಸುವುದು ನಮ್ಮ ಮನೆಗಳಲ್ಲಿ ವಾಡಿಕೆಯಾಗಿದೆ. ಆದರೆ ದವಡೆಯ ಹಾಲುಹಲ್ಲುಗಳು 10-12ನೆಯ ವರ್ಷದವರೆಗೂ ಬಾಯಲ್ಲಿರತಕ್ಕವು. ಅವು ಹುಳುಕಾದರೆ ಮಗುವಿಗೆ ಊಟವೂ ಇಲ್ಲ, ನಿದ್ರೆಯೂ ಇಲ್ಲ.

ಕಾಚಿಗುಡದ ಒಂದೇ ಕೋಣೆಯ ಸಂಸಾರವನ್ನು ಊಹಿಸಿರಿ. ತಂದೆ ಹೋಟೆಲಿನಿಂದ ಮರಳುವಾಗ ರಾತ್ರಿ ಹನ್ನೊಂದು. ನಸುಕಿನಲ್ಲಿ ಮತ್ತೆ ಏಳಬೇಕು. ಮಗು ಅತ್ತರೆ ಆತನ ನಿದ್ರೆಗೂ ನೆರೆಯವರ ನಿದ್ರೆಗೂ ಭಂಗ. ಊರಿನಲ್ಲಾದರೆ ಅಜ್ಜಿ ಎತ್ತಿಕೊಂಡು ತಿರುಗುತ್ತಿದ್ದರು. ಇಲ್ಲಿ ಸಕ್ಕರೆ ಬೆರೆಸಿದ ಹಾಲಿನ ಸೀಸೆಯೇ ಅಜ್ಜಿ! ನಿದ್ರೆಯಲ್ಲಿ ಜೊಲ್ಲು ಒಸರುವುದು ಕಡಿಮೆ. ಬಾಯಲ್ಲಿ ನಿಂತ ಸಕ್ಕರೆಯನ್ನು ಸೂಕ್ಷ್ಮಜೀವಿಗಳು ಆಮ್ಲವಾಗಿ ಮಾರ್ಪಡಿಸಿ ಹಲ್ಲಿನ ತೆಳುವಾದ ಹೊರಪದರವನ್ನು ಕರಗಿಸುತ್ತವೆ. ಸಾಮಾನ್ಯವಾಗಿ ಮೊದಲು ಕೆಡುವುದು ಮೇಲ್ಸಾಲಿನ ಮುಂದಿನ ಹಲ್ಲುಗಳು: ಒಸಡಿನ ಅಂಚಿನಲ್ಲಿ ಸುಣ್ಣದಂತಹ ಬಿಳಿ ಗೆರೆ, ಬಳಿಕ ಕಂದು ಬಣ್ಣ.

ಎಚ್ಚರವಿರುವ ಮಗುವಿನ ಮುಖವನ್ನೇ ಕಾಣದ ತಂದೆ ಪೊಟ್ಟಣದಲ್ಲಿ ಮೈಸೂರುಪಾಕು ತರುತ್ತಾನೆ. ಪ್ರೀತಿ ತೋರಲು ಅವನಿಗೆ ಬೇರೆ ದಾರಿ ಯಾವುದು? ಹೀಗಿರುವಾಗ ದೋಷವನ್ನೆಲ್ಲ ತಾಯಿಯ ತಲೆಗೆ ಕಟ್ಟುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಹಾಲಿನ ಸೀಸೆಯ ಜಾಹೀರಾತನ್ನು 1992ರ ಕಾಯಿದೆ ನಿಷೇಧಿಸಿತು. ಇರುಳಿನ ಸೀಸೆಯನ್ನು ಬಿಡಿಸುವುದು ಮನೆಯವರ ಕೆಲಸ. ವರ್ಷ ತುಂಬಿದ ಮಗುವಿಗೆ ಮೊದಲು ಸಕ್ಕರೆಯನ್ನು ನಿಲ್ಲಿಸಿ, ಮಲಗುವಾಗಿನ ಹಾಲಿಗೆ ದಿನದಿನಕ್ಕೂ ನೀರು ಹೆಚ್ಚಿಸಿ, ಕಡೆಗೆ ಬರಿಯ ನೀರನ್ನೇ ಕೊಡಬಹುದು. ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುವ ಕೆಲಸವನ್ನು ರಜೆಯ ದಿನವಾದರೂ ತಂದೆ ವಹಿಸಲಿ.

ಅಫ್ಜಲ್‌ಗಂಜಿನಲ್ಲಿ ಸರ್ಕಾರಿ ದಂತ ಆಸ್ಪತ್ರೆಯಿದೆ. ಹಗಲು ಹೋದರೆ ಆ ದಿನದ ಕೂಲಿಗೆ ಸಂಚಕಾರವೆಂಬುದೂ ನಿಜ. ಆದರೆ ಬಿಳಿ ಗೆರೆ ಕಂಡಾಗಲೇ ಹೋದರೆ ಒಂದು ದಿನದ ಕೂಲಿಯಲ್ಲಿ ಮುಗಿದೀತು. ಕೆನ್ನೆ ಊದಿದ ಮೇಲೆ ಎಷ್ಟು ದಿನಗಳೋ!