ಅಜ್ಜನ ಪ್ಲೇಯರಿಗೆ ಮೊಬೈಲ್ ವೀಡಿಯೊ: ಬರೀ ಕಾಪಿ ಮಾಡಿದರೆ ಸಾಲದು

ಕಾರಡ್ಕ: ಮೊಮ್ಮಗನ ಉಪನಯನ ಬೆಂಗಳೂರಿನಲ್ಲಿ ನಡೆಯಿತು ಎಂದಿಟ್ಟುಕೊಳ್ಳಿ. ಮಂಡಿನೋವಿನ ಅಜ್ಜನಿಗೆ ಅಷ್ಟು ದೂರದ ಪ್ರಯಾಣ ಆಗುವುದಿಲ್ಲ. ಮಗ ಮೊಬೈಲಿನಲ್ಲಿ ತೆಗೆದ ವೀಡಿಯೊವನ್ನು ಒಂದು ಡಿವಿಡಿಗೆ ತುಂಬಿಸಿ, ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಾನೆ. ಮನೆಮಂದಿ ಎಲ್ಲ ಟಿ.ವಿ. ಎದುರು ಕೂತು ಡಿಸ್ಕ್ ಹಾಕಿದರೆ ಪ್ಲೇಯರ್ ಎರಡು ಸಲ ತಿರುಗಿ ‘ಡಿಸ್ಕ್ ಎರರ್’ ಅಂತ ತೋರಿಸಿ ನಿಲ್ಲುತ್ತದೆ. “ಪ್ಲೇಯರ್ ಹಾಳಾಯ್ತು ಮಾರಾಯ್ರೆ” ಎಂಬ ತೀರ್ಮಾನವೂ ಅಲ್ಲೇ ಆಗುತ್ತದೆ.

ಹಾಳಾದದ್ದು ಪ್ಲೇಯರ್ ಅಲ್ಲ. ಡಿಸ್ಕ್ ಮಾಡಿದ ಕ್ರಮ ತಪ್ಪು.

ಕಾರಡ್ಕ, ಮುಳ್ಳೇರಿಯ, ಆದೂರು ಕಡೆಯ ಹಿರಿಯರಿಗೆ ಮೊಬೈಲಿಗಿಂತ ಟಿ.ವಿ. ಕೆಳಗಿನ ಪ್ಲೇಯರೇ ಪರಿಚಿತ. ಮೊಬೈಲಿನಲ್ಲಿ ಬೆರಳು ತಾಗಿದರೆ ಚಿತ್ರ ಎಲ್ಲೋ ಹೋಗುತ್ತದೆ. ಪ್ಲೇಯರಿಗಾದರೆ ಡಿಸ್ಕ್ ಹಾಕಿ ಒಂದು ಬಟನ್ ಒತ್ತಿದರೆ ಮುಗಿಯಿತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪೆನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ತೊಡಗಿದ ಮೇಲೆ ಹಳ್ಳಿಮನೆಗಳಲ್ಲೂ ಸಿನಿಮಾ ಡಿಸ್ಕ್‌ಗಳು ಸೇರಿಕೊಂಡವು. ಆ ಕಂಪೆನಿಯನ್ನು ಮುಚ್ಚಲು 2018ರಲ್ಲಿ ಆದೇಶವಾಯಿತು. ಪ್ಲೇಯರ್‌ಗಳು ಮಾತ್ರ ಅನೇಕ ಮನೆಗಳಲ್ಲಿ ಉಳಿದಿವೆ.

ಎಲ್ಲಿ ತಪ್ಪುತ್ತದೆ?

ಮೊಬೈಲ್ ವೀಡಿಯೊ ಸಾಮಾನ್ಯವಾಗಿ ಎಂಪಿ4 ಕಡತವಾಗಿ ಉಳಿಯುತ್ತದೆ. ಅದನ್ನು ಹಾಗೆಯೇ ಡಿಸ್ಕಿಗೆ ಕಾಪಿ ಮಾಡಿದರೆ ಅದು ‘ಡೇಟಾ ಡಿಸ್ಕ್’. ಕಂಪ್ಯೂಟರ್ ಅದನ್ನು ಓದುತ್ತದೆ, ಹಳೆಯ ಪ್ಲೇಯರ್ ಓದುವುದಿಲ್ಲ. ಪ್ಲೇಯರಿಗೆ ಬೇಕಾದದ್ದು ‘ಡಿವಿಡಿ ವೀಡಿಯೊ’. ಅದರಲ್ಲಿ ಚಿತ್ರ ಎಂಪೆಗ್-2 ರೂಪದಲ್ಲಿರಬೇಕು, ನಮ್ಮ ಪಾಲ್ ಪದ್ಧತಿಯಂತೆ ಅಳತೆ 720-576, ಸೆಕೆಂಡಿಗೆ 25 ಚಿತ್ರ. ಕಡತಗಳು ‘ವೀಡಿಯೊ ಟಿಎಸ್’ ಎಂಬ ಫೋಲ್ಡರಿನೊಳಗೆ ಕ್ರಮವಾಗಿ ಕೂತಿರಬೇಕು. ಈ ಕೆಲಸವನ್ನು ಡಿವಿಡಿ ಸ್ಟೈಲರ್ ಎಂಬ ಉಚಿತ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಹಿಂದೆ ಸ್ಟುಡಿಯೋದವರು ನೀರೊ ಬಳಸುತ್ತಿದ್ದುದೂ ಇದಕ್ಕೇ.

ಎಷ್ಟು ಹೊತ್ತಿನದ್ದು ಹಿಡಿಯುತ್ತದೆ ಎಂಬುದರಲ್ಲೂ ಗೊಂದಲ ಇದೆ. 4.7 ಜಿಬಿ ಎಂದು ಬರೆದ ಡಿಸ್ಕ್ ಕಂಪ್ಯೂಟರಿನಲ್ಲಿ 4.38 ಎಂದೇ ಕಾಣುತ್ತದೆ, ಅದು ಮೋಸ ಅಲ್ಲ, ಲೆಕ್ಕ ಹಾಕುವ ಕ್ರಮ ಬೇರೆ. ಒಂದು ಡಿಸ್ಕಿಗೆ 2 ಗಂಟೆಯ ವೀಡಿಯೊ ಹಾಕಿದರೆ ಚಿತ್ರ ಚೆನ್ನಾಗಿ ಬರುತ್ತದೆ. ದುಡ್ಡು ಉಳಿಸಲು 4 ಗಂಟೆಯದ್ದು ತುರುಕಿದರೆ ಮಾತುಗಾರಿಕೆ ಹೇಗೋ ನೋಡಬಹುದು, ಪುಂಡುವೇಷ ದಿಗಿಣ ಹೊಡೆಯುವಾಗ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. 8 ಗಂಟೆಯ ಇಡೀ ರಾತ್ರಿಯ ಆಟಕ್ಕೆ 4 ಡಿವಿಡಿ ಇಟ್ಟುಕೊಳ್ಳುವುದೇ ಸರಿ. ವಿಸಿಡಿ ಕಾಲದಲ್ಲಿ ಇದೇ ಆಟಕ್ಕೆ 6-7 ಸೀಡಿ ಬೇಕಿತ್ತು, ಚಿತ್ರದ ಅಳತೆಯೂ 352-288 ಮಾತ್ರ.

ಪದ ಒಂದು ಕಡೆ, ಕುಣಿತ ಒಂದು ಕಡೆ

ಇನ್ನೊಂದು ತೊಂದರೆ ಯಕ್ಷಗಾನದಲ್ಲಿ ಬೇಗ ಗೊತ್ತಾಗುತ್ತದೆ. ಮೊಬೈಲ್ ಕ್ಯಾಮರಾ ಬೆಳಕು ಕಡಿಮೆಯಾದಾಗ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು ತಾನೇ ಹೆಚ್ಚುಕಡಿಮೆ ಮಾಡುವುದುಂಟು. ಅಂಥ ಕಡತವನ್ನು ನೇರವಾಗಿ ಪರಿವರ್ತಿಸಿದರೆ ಹೋಗ್ತಾ ಹೋಗ್ತಾ ಶಬ್ದ ಹಿಂದುಮುಂದಾಗಿ, ಚೆಂಡೆಯ ಪೆಟ್ಟು ಬಿದ್ದ ಮೇಲೆ ಹೆಜ್ಜೆ ಬೀಳುತ್ತದೆ. ಮೊದಲು ಹ್ಯಾಂಡ್‌ಬ್ರೇಕ್‌ನಂಥ ಸಾಫ್ಟ್‌ವೇರಿನಲ್ಲಿ ಚಿತ್ರಗಳ ವೇಗವನ್ನು ಒಂದೇ ಸಮ ಮಾಡಿಕೊಂಡು, ಆಮೇಲೆ ಡಿವಿಡಿ ಮಾಡಿದರೆ ಇದು ತಪ್ಪುತ್ತದೆ. ಮೊಬೈಲನ್ನು ಅಡ್ಡ ಹಿಡಿದು ಚಿತ್ರೀಕರಿಸುವುದೂ ಮುಖ್ಯ. ನೆಟ್ಟಗೆ ಹಿಡಿದು ತೆಗೆದರೆ ಟಿ.ವಿ.ಯ ಎರಡೂ ಬದಿ ಕಪ್ಪಾಗಿ, ರಂಗಸ್ಥಳ ನಡುವೆ ಒಂದು ಪಟ್ಟಿಯಷ್ಟೇ ಕಾಣುತ್ತದೆ.

ಡಿಸ್ಕ್ ಬರೆಯುವಾಗ ಅವಸರ ಬೇಡ. 4 ಅಥವಾ 8 ಪಟ್ಟು ವೇಗ ಇಟ್ಟರೆ ಹಳೆಯ ಪ್ಲೇಯರಿಗೆ ಓದಲು ಸುಲಭ. ಕೊನೆಗೆ ‘ಫೈನಲೈಸ್’ ಮಾಡಲು ಮರೆತರೆ ಆ ಡಿಸ್ಕ್ ಬೇರೆ ಪ್ಲೇಯರಿನಲ್ಲಿ ತೆರೆಯದೇ ಇರಬಹುದು. ಮೇಲೆ ಸ್ಟಿಕ್ಕರ್ ಅಂಟಿಸಬಾರದು, ಡಿಸ್ಕಿಗೆಂದೇ ಸಿಗುವ ಮಾರ್ಕರಿನಲ್ಲಿ ಬರೆದರೆ ಸಾಕು. ಕಳುಹಿಸುವ ಮೊದಲು ಕಂಪ್ಯೂಟರಿನಲ್ಲಿ ಮಾತ್ರವಲ್ಲ, ಒಂದು ಪ್ಲೇಯರಿನಲ್ಲೂ ಹಾಕಿ ನೋಡುವುದು ಒಳ್ಳೆಯದು.

ಯುಎಸ್‌ಬಿ ಇರುವ ಪ್ಲೇಯರಾದರೆ ಪೆನ್‌ಡ್ರೈವ್ ಸಾಕಲ್ಲ ಎನ್ನುವವರಿದ್ದಾರೆ. ಅಲ್ಲೂ ಹೆಚ್ಚಿನ ಹಳೆಯ ಪ್ಲೇಯರ್‌ಗಳು ಎಂಪಿ4 ಓದುವುದಿಲ್ಲ, ಡಿವ್‌ಎಕ್ಸ್ ಕಡತ ಕೇಳುತ್ತವೆ. ಪೆನ್‌ಡ್ರೈವನ್ನು ‘ಫ್ಯಾಟ್32’ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಕಡತ ಅದರಲ್ಲಿ ಕೂರುವುದೂ ಇಲ್ಲ.

ಕಪಾಟಿನಲ್ಲಿರುವುದೂ ಉಳಿಯಬೇಕು

ಹೊಸ ವೀಡಿಯೊ ಡಿಸ್ಕಿಗೆ ಹೋಗುವುದು ಎಷ್ಟು ಮುಖ್ಯವೋ, ಹಳೆಯ ಡಿಸ್ಕಿನಲ್ಲಿರುವುದು ಹೊರಗೆ ಬರುವುದೂ ಅಷ್ಟೇ ಮುಖ್ಯ. ಮನೆಯಲ್ಲಿ ಬರೆದ ಡಿಸ್ಕಿನಲ್ಲಿ ಚಿತ್ರ ನಿಂತಿರುವುದು ಒಂದು ತೆಳು ಬಣ್ಣದ ಪದರದ ಮೇಲೆ. ಬಿಸಿಲು, ಸೆಕೆ, ಮಳೆಗಾಲದ ತಂಡಿಗೆ ಆ ಪದರ ಕೆಡುತ್ತದೆ. ಬೂಷ್ಟು ಹಿಡಿದದ್ದನ್ನು ಒರಸಬಹುದು, ಪದರವೇ ಹೋದರೆ ಏನೂ ಮಾಡುವಂತಿಲ್ಲ. ಮದುವೆ, ಬ್ರಹ್ಮಕಲಶ, ಕೋಲ, ತಾಳಮದ್ದಳೆ ಎಂದು ಮಾಡಿಸಿಟ್ಟ ಎಷ್ಟೋ ಡಿಸ್ಕ್‌ಗಳಿಗೆ ಬೇರೆ ಪ್ರತಿಯೇ ಇಲ್ಲ. ಕನ್ನಡ, ತುಳು, ಮಲಯಾಳ, ಮರಾಠಿ, ಕೊಂಕಣಿ ಎಲ್ಲ ಮಾತೂ ಒಂದೇ ಚಪ್ಪರದಡಿ ಕೇಳುವ ಇಲ್ಲಿನ ಮದುವೆಗಳ ದಾಖಲೆ ಇರುವುದು ಇಂಥ ಡಿಸ್ಕ್‌ಗಳಲ್ಲೇ.

ಶೇಣಿ ಗೋಪಾಲಕೃಷ್ಣ ಭಟ್ಟರು ತೀರಿಕೊಂಡದ್ದು 2006ರಲ್ಲಿ. ಯಕ್ಷಗಾನಕ್ಕೆ ಆಶ್ರಯ ನೀಡಿದ್ದ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ 2020ರಲ್ಲಿ, ಬಲಿಪ ನಾರಾಯಣ ಭಾಗವತರು 2023ರಲ್ಲಿ ನಿಧನರಾದರು. ಅವರ ಅರ್ಥ, ಪದ ಕೇಳಬೇಕಾದರೆ ಇನ್ನು ದಾಖಲೆಗಳೇ ಗತಿ. ಮನೆಯಲ್ಲಿ ಕೂತು ನೋಡಲು ಪ್ರತಿ ಮಾಡಿಕೊಳ್ಳುವುದು ಬೇರೆ, ಕಲಾವಿದರ ಒಪ್ಪಿಗೆ ಇಲ್ಲದೆ ಪ್ರತಿ ಮಾಡಿ ಮಾರುವುದು ಬೇರೆ ಎಂಬುದೂ ನೆನಪಿರಲಿ.

ಹಳೆಯದನ್ನು ಹೊರತೆಗೆಯಲು ಕಷ್ಟ ಇಲ್ಲ. ವಿಸಿಡಿಯ ‘ಎಂಪೆಗ್‌ಎವಿ’ ಫೋಲ್ಡರಿನ ಡ್ಯಾಟ್ ಕಡತವನ್ನೂ ಡಿವಿಡಿಯ ವಿಒಬಿ ಕಡತಗಳನ್ನೂ ಕಂಪ್ಯೂಟರಿಗೆ ಕಾಪಿ ಮಾಡಿದರೆ ವಿಎಲ್‌ಸಿಯಲ್ಲಿ ನೋಡಬಹುದು. ಪ್ರತಿ ಎರಡು ಕಡೆ ಇರಲಿ, ಮೂಲ ಡಿಸ್ಕನ್ನು ಬಿಸಾಡಬೇಡಿ.

ಬರೆಯುವ ಬ್ಲೂ-ರೇ ಡಿಸ್ಕ್ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಅಪರೂಪ. ಡಿಸ್ಕ್ ಬರೆಯುವ ಡ್ರೈವ್ ಮನೆಯಲ್ಲೋ ಪೇಟೆಯ ಸ್ಟುಡಿಯೋದಲ್ಲೋ ಇನ್ನೂ ನಡೆಯುವ ಸ್ಥಿತಿಯಲ್ಲಿದ್ದರೆ ಈ ಎರಡೂ ಕೆಲಸ ಬರುವ ಮಳೆಗಾಲಕ್ಕೆ ಮೊದಲೇ ಮುಗಿಸುವುದು ಲೇಸು. ಅಜ್ಜ ಮೊಮ್ಮಗನ ಉಪನಯನ ನೋಡಲಿ, ಮೊಮ್ಮಗ ಮುಂದೊಂದು ದಿನ ಅಜ್ಜನ ಮದುವೆಮನೆ ಮಾತುಕತೆ ಕೇಳಲಿ.