ಹಳೆಯ ಟ್ರಾಕ್ಟರ್ ಕೊಳ್ಳುವ ಮುನ್ನ ಚಾಸಿ ಸಂಖ್ಯೆ ಪರೀಕ್ಷಿಸಿ

ಹಳೆಯ ಟ್ರಾಕ್ಟರ್ ಕೊಳ್ಳಲು ಹೋಗುವ ರೈತರು ಸಾಮಾನ್ಯವಾಗಿ ಎಂಜಿನ್ ಚಾಲೂ ಮಾಡಿಸಿ ಹೊಗೆ ನೋಡುತ್ತಾರೆ, ಟಯರ್ ಸವೆತ ನೋಡುತ್ತಾರೆ, ಬಣ್ಣ ನೋಡಿ ಒಪ್ಪುತ್ತಾರೆ. ಟಯರ್ ಸವೆದಿದ್ದರೆ ಬದಲಾಯಿಸಬಹುದು. ಪಂಪು ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದು. ಆದರೆ ಯಂತ್ರದ ಮೇಲಿನ ಸಂಖ್ಯೆ ದಾಖಲೆಯ ಸಂಖ್ಯೆಗೆ ತಾಳೆಯಾಗದಿದ್ದರೆ ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲಾಗದು. ಕದ್ದ ಮಾಲಾಗಿದ್ದರೆ ಪೊಲೀಸರು, ಸಾಲ ಬಾಕಿಯಿದ್ದರೆ ಬ್ಯಾಂಕಿನವರು ವಶಪಡಿಸಿಕೊಳ್ಳಬಹುದು. ಆದುದರಿಂದ ಮುಂಗಡ ಕೊಡುವ ಮುನ್ನವೇ ಪರೀಕ್ಷೆ ಮಾಡುವುದು ಅಗತ್ಯ.

ಸಂಖ್ಯೆ ಎಲ್ಲಿರುತ್ತದೆ?

ಲಾರಿಗೆ ಇರುವಂತೆ ಹೆಚ್ಚಿನ ಟ್ರಾಕ್ಟರುಗಳಿಗೆ ಪ್ರತ್ಯೇಕ ಚೌಕಟ್ಟು ಇರುವುದಿಲ್ಲ. ಎಂಜಿನ್, ಗೇರ್ ಬಾಕ್ಸ್ ಮತ್ತು ಹಿಂದಿನ ಆಕ್ಸಲಿನ ಎರಕದ ಕವಚಗಳನ್ನೇ ಬೋಲ್ಟುಗಳಿಂದ ಬಿಗಿದು ಒಡಲನ್ನು ಮಾಡಿರುತ್ತಾರೆ. ಚಾಸಿ ಸಂಖ್ಯೆಯನ್ನು ಇಂಥ ಕವಚದ ಮೇಲೆ ಅಥವಾ ಮುಂದಿನ ಆಕ್ಸಲ್ ಹಿಡಿಯುವ ಭಾಗದ ಮೇಲೆ ಒತ್ತಿರುತ್ತಾರೆ. ಎಂಜಿನ್ ಸಂಖ್ಯೆ ಎಂಜಿನ್ ಬ್ಲಾಕಿನ ಮೇಲಿರುತ್ತದೆ. ಸರಿಯಾದ ಜಾಗ ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿಯಿಂದ ತಿಳಿಯಬಹುದು.

ತಯಾರಕರ ತಗಡಿನ ಪಟ್ಟಿಯೊಂದನ್ನೇ ನಂಬಬಾರದು. ರಿವೆಟ್ ಕಿತ್ತರೆ ಅದನ್ನು ಬೇರೆ ಯಂತ್ರಕ್ಕೆ ಕೂಡಿಸಬಹುದು.

ಪರೀಕ್ಷಿಸುವ ಕ್ರಮ

1. ಸಂಖ್ಯೆ ಇರುವ ಜಾಗವನ್ನು ಡೀಸೆಲ್ ಬಟ್ಟೆಯಿಂದ ಒರೆಸಿ. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಿರಿ.

2. ಉಬ್ಬಿದ ಅಂಕೆಗಳನ್ನು ಚಾಸಿ ಸಂಖ್ಯೆಯೆಂದು ತಿಳಿಯಬೇಡಿ. ಅವು ಎರಕದ ಭಾಗದ ಗುರುತುಗಳು. ಚಾಸಿ ಸಂಖ್ಯೆ ತಗ್ಗಾಗಿ ಒತ್ತಿರುತ್ತದೆ.

3. ಅಂಕೆಗಳ ಗಾತ್ರ, ಆಳ, ಸಾಲು ಒಂದೇ ಸಮನಾಗಿವೆಯೇ ನೋಡಿ. 3ನ್ನು 8 ಮಾಡುವುದು, 1ನ್ನು 4 ಮಾಡುವುದು ಸುಲಭ. ಸುತ್ತಲಿನ ಎರಕ ಒರಟಾಗಿದ್ದು ಸಂಖ್ಯೆಯ ಜಾಗ ಮಾತ್ರ ಉಜ್ಜಿದಂತೆ ನುಣುಪಾಗಿದ್ದರೆ, ವೆಲ್ಡಿಂಗ್ ಗುರುತಿದ್ದರೆ ಅನುಮಾನ ಪಡಬೇಕು.

4. ಹೊಸ ಮಾದರಿಗಳಲ್ಲಿ ಹದಿನೇಳು ಅಕ್ಷರ-ಅಂಕೆಗಳ ಸಂಖ್ಯೆ ಇದ್ದರೆ, ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದಿಲ್ಲ. ಹಳೆಯ ಯಂತ್ರಗಳ ಸಂಖ್ಯೆ ಚಿಕ್ಕದಾಗಿರುವುದು ದೋಷವಲ್ಲ.

5. ತಯಾರಿಕೆಯ ವರ್ಷವನ್ನೂ ಹೋಲಿಸಿ. ಉದಾಹರಣೆಗೆ, ಎಚ್.ಎಂ.ಟಿ. ಸಂಸ್ಥೆ ಹರಿಯಾಣದ ಪಿಂಜೋರಿನಲ್ಲಿ ಟ್ರಾಕ್ಟರ್ ತಯಾರಿಕೆ ಆರಂಭಿಸಿದ್ದು 1971ರಲ್ಲಿ. ಎಚ್.ಎಂ.ಟಿ. ಟ್ರಾಕ್ಟರಿನ ದಾಖಲೆಯಲ್ಲಿ ಅದಕ್ಕೂ ಹಿಂದಿನ ವರ್ಷವಿದ್ದರೆ ಎಲ್ಲೋ ತಪ್ಪಿದೆಯೆಂದು ತಿಳಿಯಬೇಕು.

ದಾಖಲೆಗಳು

ಪೆನ್ಸಿಲ್ ಅಚ್ಚನ್ನು ನೋಂದಣಿ ಪುಸ್ತಕ (ಆರ್.ಸಿ.) ಮತ್ತು ವಿಮಾ ಪತ್ರದೊಡನೆ ಒಂದೊಂದೇ ಅಕ್ಷರವಾಗಿ ತಾಳೆ ನೋಡಿ. ಎಂಜಿನ್ ಬದಲಾಯಿಸಿರುವುದು ತಾನಾಗಿ ತಪ್ಪಲ್ಲ. ಆದರೆ ಅದು ಆರ್.ಸಿ.ಯಲ್ಲಿ ದಾಖಲಾಗಿರಬೇಕು. ಬ್ಯಾಂಕಿನ ಅಡಮಾನ ನಮೂದಾಗಿದ್ದರೆ ಬೇಬಾಕಿ ಪತ್ರ ಮತ್ತು ನಮೂನೆ 35 ಕೇಳಿ. ಆರ್.ಸಿ.ಯ ನಕಲನ್ನು ನಂಬದೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ.

ಎಲ್ಲವೂ ಸರಿಯಿದ್ದರೆ ನಮೂನೆ 29 ಮತ್ತು 30ಕ್ಕೆ ಮಾರುವವರ ಸಹಿ ಪಡೆದು, 30 ದಿನಗಳೊಳಗೆ ನಿಮ್ಮ ಹೆಸರಿಗೆ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಬರಿಯ ಛಾಪಾ ಕಾಗದದ ಕರಾರು ಸಾಲದು.

ಅಚ್ಚು ತೆಗೆಯಲು ಮಾರುವವರು ಒಪ್ಪದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ವ್ಯಾಪಾರವನ್ನು ಬಿಡುವುದೇ ಲೇಸು.